ಜೂನ್ ಒಂದರಂದು ಹುಟ್ಟಿದವರ ಮೊಮ್ಮಕ್ಕಳು

ನಿಮ್ಮ ಮನೆಯ ಹಿರಿಯರ ಹಳೇ ಕಾಗದಪತ್ರಗಳನ್ನು ಒಮ್ಮೆ ತೆಗೆದು ನೋಡಿ. ಅಜ್ಜನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ದೊಡ್ಡಪ್ಪನ ಪಿಂಚಣಿ ಪುಸ್ತಕ, ಅತ್ತೆಯ ಶಾಲೆಯ ಟಿ.ಸಿ. ಹುಟ್ಟಿದ ದಿನಾಂಕ ಅಂತ ಬರೆದಿರುವ ಕಡೆ ಏನಿದೆ? ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ. ಜೂನ್ 1.

ಒಂದು ತಲೆಮಾರಿನ ಜನ ಒಂದೇ ದಿನ ಹುಟ್ಟೋಕೆ ಸಾಧ್ಯವಾ? ಸಾಧ್ಯವಿಲ್ಲ. ಅವರನ್ನು ಆ ದಿನ ಹುಟ್ಟಿಸಿದವರು ತಾಯಿಯಲ್ಲ, ಹೆಡ್ ಮಾಸ್ಟರು. ಜೂನ್‌ನಲ್ಲಿ ಶಾಲೆ ಶುರು. ಅಪ್ಪ ಮಗನ ಕೈ ಹಿಡಿದುಕೊಂಡು ಬಂದು ನಿಂತ. "ಯಾವಾಗ ಹುಟ್ಟಿದ್ದಪ್ಪಾ?" ಅಂದರೆ, "ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಸ್ವಾಮಿ" ಅನ್ನೋ ಉತ್ತರ. ಮಾಸ್ಟರು ಹುಡುಗನಿಗೆ ಹೇಳುತ್ತಿದ್ದರು: ಬಲಗೈಯನ್ನು ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು. ಮುಟ್ಟಿದರೆ ಆರು ವರ್ಷ ಆಯಿತು ಅಂತ ಲೆಕ್ಕ. ಆರು ವರ್ಷ ಹಿಂದಕ್ಕೆ ಹೋಗಿ, ಜೂನ್ 1 ಅಂತ ಬರೆದರೆ ಕೆಲಸ ಮುಗಿಯಿತು. ಆ ಬರಹದ ಪರಿಣಾಮ ಇವತ್ತಿಗೂ ಕಾಣುತ್ತೆ. ತಿಂಗಳ ಮೊದಲ ದಿನ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು ಅನ್ನೋದು ನಿಯಮ. ಹಾಗಾಗಿಯೇ ಮೇ 31 ಬಂದರೆ ಸರ್ಕಾರಿ ಕಚೇರಿಗಳಲ್ಲಿ ಸಾಲು ಸಾಲು ಬೀಳ್ಕೊಡುಗೆ, ಸಾಲು ಸಾಲು ಶಾಲು, ಹಾರ.

ಈಗ ಅದೇ ಅಜ್ಜನ ಮೊಮ್ಮಗುವನ್ನು ನೋಡಿ. ಹುಟ್ಟಿದ ಗಂಟೆ, ನಿಮಿಷ ಎಲ್ಲ ಗೊತ್ತು. ಒಂದನೇ ವರ್ಷದ ಹುಟ್ಟುಹಬ್ಬಕ್ಕೆ ಪಾರ್ಟಿ ಹಾಲ್ ಬುಕ್ ಆಗಿದೆ. ಮೂರು ಅಂತಸ್ತಿನ ಕೇಕು, ಬಲೂನಿನ ಕಮಾನು, ಫೋಟೋಗ್ರಾಫರ್, ಮೈಕ್ ಹಿಡಿದ ನಿರೂಪಕ. ಇನ್ನೂರು ಜನ ಅತಿಥಿಗಳು. ಇಷ್ಟೆಲ್ಲದರ ನಡುವೆ ಮಗು ಏನು ಮಾಡುತ್ತಿದೆ? ಅಳುತ್ತಿದೆ. ಅದಕ್ಕೆ ನಿದ್ದೆ ಬಂದಿದೆ.

ಎರಡೇ ತಲೆಮಾರಿನಲ್ಲಿ ಇಷ್ಟು ದೂರ ಬಂದಿದ್ದೇವೆ. ಖರ್ಚು ಎಷ್ಟಾಯಿತು ಅಂತ ಲೆಕ್ಕ ಕೇಳೋದಕ್ಕೆ ನಾನು ಹೊರಟಿಲ್ಲ. ದುಡಿದವರು ಮಕ್ಕಳಿಗೆ ಖರ್ಚು ಮಾಡುತ್ತಾರೆ, ಮಾಡಲಿ. ನಾನು ಕೇಳೋದು ಬೇರೆ. ಹುಟ್ಟುಹಬ್ಬದ ದಿನ ಉಡುಗೊರೆ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು? ಇತಿಹಾಸ ತೆರೆದು ನೋಡಿದರೆ, ನಾವು ಅಂದುಕೊಂಡಿರುವುದಕ್ಕೆ ಸರಿಯಾಗಿ ಉಲ್ಟಾ ಇದೆ.

ಮೊದಲು ಅರಮನೆಯಿಂದ ಶುರು ಮಾಡೋಣ. 1617ನೇ ಇಸವಿ. ಇಂಗ್ಲೆಂಡ್ ದೊರೆಯ ರಾಯಭಾರಿ ಸರ್ ಥಾಮಸ್ ರೋ ಮಾಂಡುವಿನಲ್ಲಿ ಮೊಘಲ್ ಬಾದಶಹ ಜಹಾಂಗೀರನ ಹುಟ್ಟುಹಬ್ಬ ನೋಡಿದ. ಬಾದಶಹನನ್ನು ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಚಿನ್ನ, ಬೆಳ್ಳಿ, ಬಟ್ಟೆ, ಧಾನ್ಯ ಇಟ್ಟು ತೂಗಿದರು. ಹಾಗೆ ತೂಗಿದ್ದನ್ನು ಬಡವರಿಗೆ ಹಂಚಬೇಕು ಅನ್ನೋದು ಪದ್ಧತಿ. ಆಮೇಲೆ ಸಿಂಹಾಸನದಲ್ಲಿ ಕೂತ ಬಾದಶಹ ಬೆಳ್ಳಿಯ ತೆಳು ತಗಡಿನಲ್ಲಿ ಮಾಡಿದ ಬಾದಾಮಿ, ಹಣ್ಣುಗಳನ್ನು ಬೊಗಸೆ ಬೊಗಸೆ ಎರಚಿದ. ದೊಡ್ಡ ದೊಡ್ಡ ಸರದಾರರು ನೆಲಕ್ಕೆ ಬಿದ್ದು ಆರಿಸಿಕೊಂಡರು ಅಂತ ರೋ ಬರೆದಿಟ್ಟಿದ್ದಾನೆ.

ಆ ದೃಶ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಮ್ಮ ಹಳೇ ಮೈಸೂರಿನ ಮನೆಯಂಗಳಕ್ಕೆ ಬನ್ನಿ. ಸಂಕ್ರಾಂತಿಯ ಸಂಜೆ. ಪುಟ್ಟ ಮಗುವಿಗೆ ಹೊಸ ಬಟ್ಟೆ ಹಾಕಿ ಮಣೆ ಮೇಲೆ ಕೂರಿಸಿದ್ದಾರೆ. ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲವನ್ನೂ ಬೆರೆಸಿ ಮಗುವಿನ ತಲೆ ಮೇಲಿಂದ ಎರೆಯುತ್ತಾರೆ. ಆರತಿ ಎತ್ತುತ್ತಾರೆ. ಸುತ್ತ ಕೂತಿರುವ ಕೇರಿಯ ಮಕ್ಕಳು ಹೋ ಅಂತ ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಬಾದಶಹನ ದರ್ಬಾರಿಗೂ ಈ ಅಂಗಳಕ್ಕೂ ಯಾವ ನಂಟೂ ಇಲ್ಲ. ಆದರೆ ಎರಡರಲ್ಲೂ ನಡೆಯೋದು ಒಂದೇ. ಯಾರಿಗಾಗಿ ಸಂಭ್ರಮವೋ ಅವರ ಮೈಮೇಲಿಂದ ಇಳಿದದ್ದು ಬಂದವರ ಕೈಗೆ ಹೋಗುತ್ತೆ.

ದಸರೆಯ ಗೊಂಬೆ ಹಬ್ಬವೂ ಹಾಗೇ. "ಗೊಂಬೆ ಕೂರಿಸಿದ್ದೀರಾ?" ಅಂತ ಮಕ್ಕಳು ಮನೆ ಮನೆಗೆ ಹೋಗಿ ಕೇಳೋದು, ಒಳಗೆ ಕರೆದು ಹಾಡು ಹೇಳಿಸಿ ಗೊಂಬೆ ಬಾಗಿನ ಅಂತ ಕೈಗೆ ತಿಂಡಿ ಕೊಡೋದು. ಉಡುಪಿಯಲ್ಲಿ ಕೃಷ್ಣನ ಹುಟ್ಟುಹಬ್ಬ ಅಂದರೆ ಕೃಷ್ಣನಿಗೆ ನಾವೇನು ಕೊಟ್ಟೆವು ಅನ್ನೋದಕ್ಕಿಂತ, ಊರಿಗೆಲ್ಲ ಸಿಕ್ಕ ಉಂಡೆ ಚಕ್ಕುಲಿಯದ್ದೇ ನೆನಪು. ದಿನಾಂಕ ಗೊತ್ತಿಲ್ಲದ ಮನೆಗಳಲ್ಲೂ ಮಗುವಿನ ಜನ್ಮನಕ್ಷತ್ರ ಗೊತ್ತಿದ್ದರೆ ಆ ದಿನ ಎಣ್ಣೆನೀರು, ಆರತಿ, ಪಾಯಸ ಇರುತ್ತಿತ್ತು. ಪಕ್ಕದ ಮನೆಗೂ ಒಂದು ಲೋಟ ಪಾಯಸ ಹೋಗುತ್ತಿತ್ತು. ಸಣ್ಣ ಹಬ್ಬ, ಆದರೆ ಹಂಚುವ ಹಬ್ಬ.

ಹಾಗಾದರೆ ದಿನಾಂಕ ಯಾರಿಗೆ ಇತ್ತು? ದೊಡ್ಡವರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4. ಇಡೀ ಮೈಸೂರು ಸೀಮೆಗೆ ಆ ದಿನ ಗೊತ್ತಿತ್ತು, ಮಹಾರಾಜರ ವರ್ಧಂತಿ ಅಂತ ಆಚರಣೆ ಆಗುತ್ತಿತ್ತು. ಪ್ರಜೆಗಳ ಮಕ್ಕಳಿಗೆ ದಿನಾಂಕ ಕೊಟ್ಟಿದ್ದು ಶಾಲೆ. ಅದೇ ನಾಲ್ವಡಿಯವರ ಕಾಲದಲ್ಲಿ, 1913ರಲ್ಲಿ, ಮೈಸೂರು ಸಂಸ್ಥಾನದ ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ಬಂತು. ಮಗು ಶಾಲೆಗೆ ಬಂದರೆ ರಿಜಿಸ್ಟರ್ ಬೇಕು, ರಿಜಿಸ್ಟರ್ ಅಂದರೆ ದಿನಾಂಕ ಬೇಕು. ಊಹೆಯ ದಿನಾಂಕವೇ ಇರಬಹುದು. ಆದರೂ ರೈತನ ಮಗ, ಕುಂಬಾರನ ಮಗಳು ಒಬ್ಬೊಬ್ಬರಾಗಿ ಲೆಕ್ಕಕ್ಕೆ ಸಿಕ್ಕಿದ್ದು ಆ ಸಾಲಿನಲ್ಲಿ. ಜೂನ್ 1 ಅಂದರೆ ನಗೋದು ಸುಲಭ. ಅದರ ಹಿಂದೆ ಅಕ್ಷರದ ಬಾಗಿಲು ತೆರೆದ ಕಥೆ ಇದೆ.

ಇನ್ನು ಕೇಕು, ಮೇಣದಬತ್ತಿ, ಹಾಡು. ಇವೆಲ್ಲ ಎಲ್ಲಿಂದ ಬಂದವು? ಕೇಕಿನ ಮೇಲೆ ವಯಸ್ಸಿನಷ್ಟು ಮೇಣದಬತ್ತಿ ಹಚ್ಚುವ ಪದ್ಧತಿಯ ಬೇರು 18ನೇ ಶತಮಾನದ ಜರ್ಮನಿಯಲ್ಲಿದೆ. ನಮ್ಮ ನೆರೆಯ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಅನ್ನುವ ಬೇಕರಿಯವರು ಬ್ರಿಟಿಷ್ ತೋಟದ ಮಾಲೀಕ ಮುರ್ಡೋಕ್ ಬ್ರೌನ್‌ಗಾಗಿ ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟರು. ಭಾರತದ ಕೇಕಿನ ಕಥೆ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತೆ. ಬೆಂಗಳೂರಿನಲ್ಲಿ ಆ ಕೇಕನ್ನು ಮಧ್ಯಮ ವರ್ಗದ ಮನೆಯೊಳಕ್ಕೆ ತಂದವರು ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಬೇಕರಿಗಳವರು. ಮೊಟ್ಟೆ ಇಲ್ಲದ ಕೇಕು! ಅಜ್ಜಿಯೂ ಒಂದು ಚೂರು ಬಾಯಿಗೆ ಹಾಕಿಕೊಳ್ಳಬಹುದಾದ ಕೇಕು.

ಹಾಡಿನ ಕಥೆ ಇನ್ನೂ ಸ್ವಾರಸ್ಯ. 'ಹ್ಯಾಪಿ ಬರ್ತ್‌ಡೇ'ಯ ರಾಗ ಹುಟ್ಟಿದ್ದು ಹುಟ್ಟುಹಬ್ಬಕ್ಕಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪ್ಯಾಟಿ ಹಿಲ್ ಅಂತ ಒಬ್ಬ ಶಿಶುವಿಹಾರದ ಟೀಚರ್. ಅವರ ಅಕ್ಕ ಮಿಲ್ಡ್ರೆಡ್ ಹಿಲ್ ರಾಗ ಕಟ್ಟಿದರು, ಪ್ಯಾಟಿ ಮಾತು ಕೂರಿಸಿದರು. ಬೆಳಗ್ಗೆ ತರಗತಿಗೆ ಬಂದ ಪುಟಾಣಿಗಳಿಗೆ ಶುಭೋದಯ ಹೇಳುವ ಹಾಡು ಅದು. 1893ರಲ್ಲಿ ಪುಸ್ತಕದಲ್ಲಿ ಅಚ್ಚಾಯಿತು. ಪುಟ್ಟ ಮಕ್ಕಳು ಹಾಡಲು ಆಗುವಷ್ಟು ಸರಳವಾಗಿರಬೇಕು ಅನ್ನೋದೇ ಅಕ್ಕತಂಗಿಯರ ಉದ್ದೇಶ. ಆಮೇಲೆ ಅದೇ ರಾಗಕ್ಕೆ ಹುಟ್ಟುಹಬ್ಬದ ಮಾತು ಸೇರಿತು, ಅದರ ಮೇಲೆ ಕಂಪನಿಗಳು ಹಕ್ಕು ಸಾಧಿಸಿದವು, ಸಿನಿಮಾದವರು ಬಳಸಬೇಕಾದರೆ ದುಡ್ಡು ಕಟ್ಟಬೇಕಾಯಿತು. 2015ರಲ್ಲಿ ಅಮೆರಿಕದ ಕೋರ್ಟು ಆ ಹಕ್ಕು ಊರ್ಜಿತವಲ್ಲ ಅಂದಿತು. ಮುಂದಿನ ವರ್ಷ ವಾರ್ನರ್ ಚಾಪೆಲ್ ಕಂಪನಿ 1 ಕೋಟಿ 40 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. ನೋಡಿ, ಒಬ್ಬ ಟೀಚರ್ ಮಕ್ಕಳಿಗೆ ಕೊಟ್ಟ ಉಡುಗೊರೆ ಹೇಗೆ ಮಾರುಕಟ್ಟೆ ಸುತ್ತಿ ಮತ್ತೆ ಮಕ್ಕಳ ಬಾಯಿಗೇ ಬಂತು!

ಈಗ ನಮ್ಮ ಕಾಲಕ್ಕೆ ಬರೋಣ. ಕೊಡುವ ಪದ್ಧತಿ ಪೂರ್ತಿ ಸತ್ತಿಲ್ಲ. ನಮ್ಮ ಶಾಲೆಗಳಲ್ಲಿ ಹುಟ್ಟುಹಬ್ಬದ ಮಗು ಬಣ್ಣದ ಬಟ್ಟೆ ಹಾಕಿಕೊಂಡು ಬಂದು ತರಗತಿಗೆಲ್ಲ ಚಾಕೊಲೇಟ್ ಹಂಚುತ್ತೆ. ಪಾರ್ಟಿಗೆ ಬಂದ ಮಕ್ಕಳಿಗೆ ರಿಟರ್ನ್ ಗಿಫ್ಟ್ ಕೊಡುತ್ತೇವೆ. ಇವೆರಡೂ ಚೆಂದದ ಅಭ್ಯಾಸಗಳೇ. ಆದರೆ ಒಳಗೆ ಒಂದು ಹುಳ ಸೇರಿಕೊಂಡಿದೆ. ಒಬ್ಬರು ಐದು ರೂಪಾಯಿಯ ಚಾಕೊಲೇಟ್ ಕೊಟ್ಟರೆ ಇನ್ನೊಬ್ಬರು ಐವತ್ತರದ್ದು ಕೊಡಬೇಕು. ಒಬ್ಬರು ಪೆನ್ಸಿಲ್ ಬಾಕ್ಸ್ ಕೊಟ್ಟರೆ ಇನ್ನೊಬ್ಬರು ಬ್ಯಾಗು. ಇದನ್ನು ಲೆಕ್ಕ ಹಾಕೋರು ಮಕ್ಕಳಲ್ಲ, ನಾವು. ಕೊನೆಗೆ ಏನಾಗುತ್ತೆ ಗೊತ್ತಾ? ಹಂಚೋದಕ್ಕೆ ಕಾಸಿಲ್ಲದ ಮನೆಯ ಮಗು ತನ್ನ ಹುಟ್ಟುಹಬ್ಬದ ದಿನ "ಹೊಟ್ಟೆನೋವು" ಅಂತ ಶಾಲೆಗೆ ರಜೆ ಹಾಕುತ್ತೆ. ಹುಟ್ಟಿದ ದಿನವನ್ನೇ ಬಚ್ಚಿಡಬೇಕಾದ ಸ್ಥಿತಿ ಒಂದು ಮಗುವಿಗೆ ಬಂದರೆ ಅದು ಎಂಥಾ ಹಬ್ಬ ಸ್ವಾಮಿ?

ಶಾಲೆಗಳು ಇಲ್ಲಿ ಒಂದು ಕೆಲಸ ಮಾಡಬಹುದು. ಚಾಕೊಲೇಟ್ ಬದಲು ಮಗು ತರಗತಿಯ ಗ್ರಂಥಾಲಯಕ್ಕೆ ಒಂದು ಕಥೆ ಪುಸ್ತಕ ಕೊಡಲಿ, ಹಳೆಯದಾದರೂ ಸರಿ. ಅಥವಾ ಒಂದು ಗಿಡ. ಅದೂ ಆಗದವರು ಒಂದು ಹಾಡು ಹೇಳಲಿ, ಒಂದು ಒಗಟು ಕೇಳಲಿ. ಇಡೀ ತರಗತಿ ಚಪ್ಪಾಳೆ ತಟ್ಟಲಿ.

ಮನೆಯ ಪಾರ್ಟಿಗೂ ಒಂದೆರಡು ಮಾತು. ಮಗುವಿಗೆ ಎಷ್ಟು ವರ್ಷವೋ ಅದರ ಮೇಲೆ ಒಂದೋ ಎರಡೋ ಮಕ್ಕಳನ್ನು ಕರೆಯಿರಿ, ಸಾಕು. ಮೂರು ವರ್ಷದ ಮಗುವಿಗೆ ನಾಲ್ಕೈದು ಗೆಳೆಯರೇ ಜಾತ್ರೆ. ನಿದ್ದೆಯ ಹೊತ್ತು ಬಿಟ್ಟು ಸಂಜೆಯ ಒಂದೂವರೆ ಎರಡು ಗಂಟೆ ಇಟ್ಟುಕೊಳ್ಳಿ. ಮನೆಗೆಲಸಕ್ಕೆ ಬರುವವರ ಮಗುವನ್ನೂ ಕರೆಯಿರಿ. ತಟ್ಟೆ ತೊಳೆಯೋಕಲ್ಲ, ಪಕ್ಕದಲ್ಲಿ ಕೂತು ಕೇಕ್ ತಿನ್ನೋಕೆ. ಉರಿಯುವ ಮೇಣದಬತ್ತಿಯ ಹತ್ತಿರ ನೊರೆಯ ಸ್ಪ್ರೇ ಹಾರಿಸೋದು ಬೇಡವೇ ಬೇಡ, ಅದು ಕ್ಷಣದಲ್ಲಿ ಬೆಂಕಿ ಹಿಡಿಯುತ್ತೆ. ಗ್ಯಾಸ್ ಬಲೂನಿನಲ್ಲಿ ತುಂಬಿರೋದು ಹೈಡ್ರೋಜನ್ ಆದರೆ ಅದೂ ಸಿಡಿಯುತ್ತೆ.

ಉಡುಗೊರೆ ಏನು ಕೊಡೋದು? ಮೂರು ವರ್ಷದೊಳಗಿನ ಮಕ್ಕಳಿಗೆ ಬಾಯಿಗೆ ಹೋಗುವಂಥ ಸಣ್ಣ ಬಿಡಿಭಾಗ, ಕಳಚಿ ಬರುವ ಬಟನ್ ಬ್ಯಾಟರಿ ಇರುವ ಆಟಿಕೆ ಬೇಡ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅದನ್ನು ನೋಡಿ ತಗೊಳ್ಳಿ. ಇಲ್ಲೇ ಬೆಂಗಳೂರಿನಿಂದ 60 ಕಿಲೋಮೀಟರ್ ದೂರದಲ್ಲಿ ಚನ್ನಪಟ್ಟಣ ಇದೆ. ಆಲೆ ಮರವನ್ನು ಚರಕಿಯಲ್ಲಿ ಕಡೆದು, ತಿರುಗುವ ಮರದ ಮೇಲೆ ಬಣ್ಣದ ಅರಗು ಒತ್ತಿ, ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಒಂದು ಬುಗುರಿ, ಒಂದು ಗಿಲಕಿ, ಎಳೆದುಕೊಂಡು ಓಡಾಡುವ ಒಂದು ಬಂಡಿ. ಬ್ಯಾಟರಿ ಬೇಡ. ಆಟಿಕೆ ತಾನಾಗಿ ಏನೂ ಮಾಡಲ್ಲ, ಮಗುವೇ ಆಡಿಸಬೇಕು. ಅದೇ ಅದರ ದೊಡ್ಡ ಗುಣ.

ಆದರೆ ಪ್ರತಿ ಮಗುವಿಗೂ ಸಲ್ಲಬೇಕಾದ ಮೊಟ್ಟಮೊದಲ ಉಡುಗೊರೆ ಯಾವ ಅಂಗಡಿಯಲ್ಲೂ ಸಿಗಲ್ಲ. ಅದು ಜನನ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಜನನದ ನೋಂದಣಿ ಕಡ್ಡಾಯ. 21 ದಿನದೊಳಗೆ ಮಾಡಿಸಿದರೆ ಶುಲ್ಕವಿಲ್ಲ. 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಂತು. ಅದು ಜಾರಿಯಾದ ಮೇಲೆ, 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ ವಯಸ್ಸಿನ ದಾಖಲೆ ಅಂದರೆ ಆ ಪತ್ರವೇ. ಈಗ ಕಿವಿ ಮುಟ್ಟಿಸಿ ವಯಸ್ಸು ಬರೆಯುವ ಮಾಸ್ಟರು ಇಲ್ಲ. ರಾಯಚೂರು, ಯಾದಗಿರಿಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೆರಿಗೆಯಾದ ತಾಯಿಗೆ ಈ ಕಾಗದ ಮಾಡಿಸಿಕೊಡೋರು ಯಾರು? ನಿಮ್ಮ ಬೀದಿಯಲ್ಲಿ ಅಂಥ ಮಗು ಇದ್ದರೆ, ನಿಮ್ಮ ಮಗುವಿನ ಹುಟ್ಟುಹಬ್ಬದ ದಿನ ಆ ತಾಯಿಯ ಜೊತೆ ನೋಂದಣಿ ಕಚೇರಿಗೆ ಒಮ್ಮೆ ಹೋಗಿಬನ್ನಿ. ತಡವಾಗಿದ್ದರೂ ನೋಂದಣಿಗೆ ದಾರಿ ಇದೆ, ಓಡಾಟ ಸ್ವಲ್ಪ ಜಾಸ್ತಿ ಅಷ್ಟೆ. ಅದಕ್ಕಿಂತ ದೊಡ್ಡ ರಿಟರ್ನ್ ಗಿಫ್ಟ್ ನನಗಂತೂ ಗೊತ್ತಿಲ್ಲ.

ಇನ್ನೊಂದು ಬಾಕಿ ಇದೆ. ಜೂನ್ 1ರ ಅಜ್ಜ ಅಜ್ಜಿಯರು. ಅವರಿಗೆ ಯಾರೂ ಕೇಕ್ ಕತ್ತರಿಸಲಿಲ್ಲ, ಅವರು ಕೇಳಲೂ ಇಲ್ಲ. ಈ ಸಲ ಆ ದಿನ ಮನೆಯಲ್ಲಿ ಒಂದಿಷ್ಟು ಪಾಯಸ ಮಾಡಿ. ಮೊಮ್ಮಗುವಿನ ಕೈಯಿಂದಲೇ ಅಜ್ಜನಿಗೆ ಮೊದಲ ಲೋಟ ಕೊಡಿಸಿ. ಕೊಟ್ಟಾದ ಮೇಲೆ ಮಗು ಒಂದು ಪ್ರಶ್ನೆ ಕೇಳಲಿ: ತಾತಾ, ನೀನು ನಿಜವಾಗಿ ಹುಟ್ಟಿದ್ದು ಯಾವ ಮಳೆಗಾಲದಲ್ಲಿ?