ಬಾಯಿ ಕಟ್ಟಿಸಿಕೊಂಡ ಗ್ರಂಥಪಾಲಕರು

ಓದುಗನು ಏನನ್ನು ಓದಿದನೆಂಬುದು ಗ್ರಂಥಪಾಲಕರಲ್ಲಿ ಅವನಿರಿಸಿದ ಇಡುಗಂಟು. ಅಮೆರಿಕದಲ್ಲಿ 2001ರ ಪೇಟ್ರಿಯಟ್ ಕಾಯ್ದೆಯು ಈ ನಂಬಿಕೆಯನ್ನು ಒರೆಗೆ ಹಚ್ಚಿತು.

2005ರ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯದ ‘ಲೈಬ್ರರಿ ಕನೆಕ್ಷನ್’ ಎಂಬ ಗ್ರಂಥಾಲಯಗಳ ಒಕ್ಕೂಟಕ್ಕೆ ಎಫ್‌ಬಿಐ ‘ರಾಷ್ಟ್ರೀಯ ಭದ್ರತಾ ಪತ್ರ’ವೊಂದನ್ನು ತಲುಪಿಸಿತು. ನಿರ್ದಿಷ್ಟ ದಿನವೊಂದರಲ್ಲಿ ಗ್ರಂಥಾಲಯದ ಕಂಪ್ಯೂಟರ್ ಬಳಸಿದವರ ವಿವರವನ್ನು ಅದು ಕೇಳಿತ್ತು. ಪತ್ರಕ್ಕೆ ನ್ಯಾಯಾಧೀಶರ ಅನುಮತಿ ಇರಲಿಲ್ಲ; ಅದು ಬಂದಿರುವ ಸಂಗತಿಯನ್ನೇ ಯಾರಿಗೂ ಹೇಳಕೂಡದೆಂಬ ನಿರ್ಬಂಧವಂತೂ ಇತ್ತು.

ಜಾರ್ಜ್ ಕ್ರಿಶ್ಚಿಯನ್, ಬಾರ್ಬರಾ ಬೇಯ್ಲಿ, ಪೀಟರ್ ಚೇಸ್, ಜಾನೆಟ್ ನೊಸೆಕ್ ಎಂಬ ನಾಲ್ವರು ವಿವರ ಕೊಡಲೊಪ್ಪದೆ ನ್ಯಾಯಾಲಯದ ಮೊರೆಹೊಕ್ಕರು. ದಾಖಲೆಯಲ್ಲಿ ಅವರು ಬರಿಯ ‘ಜಾನ್ ಡೋ’. ಬ್ರಿಜ್‌ಪೋರ್ಟ್‌ನಲ್ಲಿ ನಡೆದ ತಮ್ಮದೇ ಮೊಕದ್ದಮೆಯ ವಿಚಾರಣೆಯನ್ನು ಅವರು ಹಾರ್ಟ್‌ಫರ್ಡ್‌ನ ಕೋಣೆಯೊಂದರಲ್ಲಿ ಕುಳಿತು ಟಿ.ವಿ. ಪರದೆಯ ಮೇಲೆ ನೋಡಬೇಕಾಯಿತು! ಈ ಕಾಯ್ದೆಯ ವಿರುದ್ಧ ಅದುವರೆಗೆ ಬಹಿರಂಗವಾಗಿ ಮಾತಾಡುತ್ತಿದ್ದ ಚೇಸ್ ಅವರು, ಅದರ ಬಿಸಿ ತಮಗೇ ತಟ್ಟಿದಾಗ ಮೌನ ತಾಳಬೇಕಾಗಿ ಬಂತು.

ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಜಾನೆಟ್ ಹಾಲ್ ಈ ನಿರ್ಬಂಧವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದರು. ಆದರೆ ಸರ್ಕಾರದ ಮೇಲ್ಮನವಿಯಿಂದಾಗಿ ಬಾಯಿಗೆ ಹಾಕಿದ ಬೀಗ ತೆರೆಯಲಿಲ್ಲ. ಅತ್ತ ಕಾಯ್ದೆಯನ್ನು ಮುಂದುವರಿಸುವ ಚರ್ಚೆ ಸಂಸತ್ತಿನಲ್ಲಿ ನಡೆದಿತ್ತು. ಸ್ವಾನುಭವದಿಂದ ನುಡಿಯಬಲ್ಲ ಈ ನಾಲ್ವರಿಗೆ ಅಲ್ಲಿ ಸಾಕ್ಷ್ಯ ಹೇಳುವ ಅವಕಾಶವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಪತ್ರಕ್ಕಿಂತ ಘೋರವಾದುದು ಇದೇ. 2006ರ ಮಾರ್ಚಿನಲ್ಲಿ ನವೀಕರಣಕ್ಕೆ ಸಹಿ ಬಿತ್ತು. ಏಪ್ರಿಲಿನಲ್ಲಿ ಸರ್ಕಾರ ನಿರ್ಬಂಧವನ್ನು ಕೈಬಿಟ್ಟಿತು, ಜೂನಿನಲ್ಲಿ ಬೇಡಿಕೆಯನ್ನೂ.