ಗಾಡಿಯ ಬೆನ್ನ ಮೇಲಿನ ಮನೆ

ಮನೆಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ಜೀವಿ ಎಂದರೆ ನಮಗೆ ಥಟ್ಟನೆ ನೆನಪಿಗೆ ಬರುವುದು ಆಮೆ, ಮಳೆಗಾಲವಾದರೆ ಬಸವನಹುಳು. ತಮ್ಮ ಮನೆಯ ತೂಕವೆಷ್ಟೆಂಬ ಚಿಂತೆ ಅವೆರಡಕ್ಕೂ ಇಲ್ಲ. ಬೆನ್ನಿಗೆ ತಕ್ಕ ಚಿಪ್ಪನ್ನು ಪ್ರಕೃತಿಯೇ ಅಳೆದು ಕೊಟ್ಟಿದೆ. ಮನುಷ್ಯನು ಇದೇ ಕೆಲಸಕ್ಕೆ ಕೈ ಹಾಕಿದಾಗ ಮಾತ್ರ ಲೆಕ್ಕ ತಪ್ಪಿತು. ಒಬ್ಬನು ಗಾಡಿಯನ್ನು ಮಾಡಿದನು. ಇನ್ನೊಬ್ಬನು ಅದರ ಮೇಲೆ ಕೂರಿಸುವ ಮನೆಯನ್ನು ಕಟ್ಟಿದನು. ಮೂರನೆಯವನು ಎರಡನ್ನೂ ಕೊಂಡು, ಒಳಗೆ ತನ್ನ ಸಂಸಾರವನ್ನು ತುಂಬಿ ಹೊರಟನು. ಈ ಮೂವರ ಲೆಕ್ಕವೂ ಒಂದೇ ಹಾಳೆಯ ಮೇಲೆ ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಮೇಲೆ ಕೂರುವ ‘ಕ್ಯಾಂಪರ್’ ಎಂಬ ಪುಟ್ಟ ಮನೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಲೆಕ್ಕದ ಚರಿತ್ರೆಯೇ.

ಪಿಕಪ್ ಎಂದರೆ ಮುಂದೆ ಚಾಲಕನು ಕೂರುವ ಕೋಣೆ, ಹಿಂದೆ ತೆರೆದ ತೊಟ್ಟಿ ಇರುವ ಸಣ್ಣ ಲಾರಿ. ರೈತರು ಮತ್ತು ಸಣ್ಣ ವ್ಯಾಪಾರಿಗಳು ಮೊದಮೊದಲು ತಮ್ಮ ಕಾರಿನ ಹಿಂಭಾಗವನ್ನು ತೆಗೆದುಹಾಕಿ, ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ ಕೂರಿಸಿಕೊಳ್ಳುತ್ತಿದ್ದರು. ಹೆನ್ರಿ ಫೋರ್ಡರ ಕಾರ್ಖಾನೆಯು 1925ರ ಏಪ್ರಿಲಿನಲ್ಲಿ ಇಂಥ ಗಾಡಿಯನ್ನು ತಾನೇ ಸಿದ್ಧಪಡಿಸಿ ಮಾರಾಟಕ್ಕೆ ತಂದಿತು. ಬೆಲೆ 281 ಡಾಲರು. ಅದರ ತೊಟ್ಟಿ 56 ಅಂಗುಲ ಉದ್ದ, 40 ಅಂಗುಲ ಅಗಲ. ಮೇವು, ಹಾಲಿನ ಕ್ಯಾನು, ಆಲೂಗಡ್ಡೆಯ ಮೂಟೆ ಸಾಗಿಸಲು ಅಷ್ಟು ಸಾಕಾಗಿತ್ತು. ಎಷ್ಟು ಹೊರುತ್ತದೆ ಎಂಬುದರ ಮೇಲೆಯೇ ಇಂಥ ಗಾಡಿಗಳಿಗೆ ಹೆಸರು ಬಂದಿತು: ಅರ್ಧ ಟನ್ನಿನ ಗಾಡಿ, ಮುಕ್ಕಾಲು ಟನ್ನಿನ ಗಾಡಿ, ಒಂದು ಟನ್ನಿನ ಗಾಡಿ. ಅಮೆರಿಕದ ಟನ್ನು ನಮ್ಮ ಮೆಟ್ರಿಕ್ ಟನ್ನಿಗಿಂತ ಚಿಕ್ಕದು. ಅದು 2,000 ಪೌಂಡು, ಎಂದರೆ ಸುಮಾರು 907 ಕಿಲೋಗ್ರಾಂ. ಕಾಲಕ್ರಮದಲ್ಲಿ ಗಾಡಿಗಳು ಬಲವಾದವು, ಹೆಸರುಗಳು ಮಾತ್ರ ಹಾಗೆಯೇ ಉಳಿದವು. ಹೆಸರು ಹೇಳುವುದು ಒಂದು, ಗಾಡಿ ಹೊರುವುದು ಇನ್ನೊಂದು ಎಂಬ ಗೊಂದಲಕ್ಕೆ ಇದೇ ಮೊದಲಾಯಿತು.

ಮೋಟಾರಿನಲ್ಲಿ ಊರೂರು ಸುತ್ತಿ, ಸಿಕ್ಕಿದೆಡೆಯಲ್ಲಿ ಬೀಡು ಬಿಡುವ ಹವ್ಯಾಸ ಅಮೆರಿಕನರಿಗೆ ಮೊದಲಿನಿಂದ ಇದ್ದುದೇ. ಫೋರ್ಡ್, ಥಾಮಸ್ ಎಡಿಸನ್ ಮತ್ತು ಟೈರು ತಯಾರಕ ಹಾರ್ವೆ ಫೈರ್‌ಸ್ಟೋನ್ ಇವರು ಪ್ರಕೃತಿ ಲೇಖಕ ಜಾನ್ ಬರೋಸರನ್ನು ಜೊತೆಗೆ ಕರೆದುಕೊಂಡು, ಗುಡಾರಗಳನ್ನೂ ಅಡುಗೆಯ ಗಾಡಿಯನ್ನೂ ಹಿಂದಿಟ್ಟುಕೊಂಡು ಕಾಡುಮೇಡು ಸುತ್ತುತ್ತಿದ್ದರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗರೂ ಅವರ ಬೀಡಿಗೆ ಬಂದಿದ್ದರು. ಸಿರಿವಂತರಿಗೆ ಆಳುಕಾಳುಗಳಿದ್ದರು, ಸಾಮಾನ್ಯ ಸಂಸಾರಿಗೆ ಬೇಕಾದದ್ದು ಸುಲಭದ ಉಪಾಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದು ದೊರೆಯಿತು. ಪಿಕಪ್ಪಿನ ತೊಟ್ಟಿಯೊಳಕ್ಕೆ ಹಿಂದಿನಿಂದ ಜಾರಿಸಿ ಕೂರಿಸಬಹುದಾದ ಮರದ ಚೌಕಟ್ಟಿನ, ಅಲ್ಯೂಮಿನಿಯಂ ತಗಡು ಹೊದಿಸಿದ ಪುಟ್ಟ ಕೋಣೆಯೇ ಅದು. ಒಳಗೊಂದು ಮಂಚ, ಒಲೆ, ನೀರಿನ ತೊಟ್ಟಿ, ಮಂಜುಗಡ್ಡೆಯ ಪೆಟ್ಟಿಗೆ. ಚಾಲಕನ ತಲೆಯ ಮೇಲ್ಗಡೆಗೆ ಚಾಚಿದ ಅಟ್ಟದಲ್ಲಿ ಇನ್ನೊಂದು ಹಾಸಿಗೆ. ವಾರವೆಲ್ಲ ದುಡಿಯುವ ಗಾಡಿ ಶನಿವಾರ ಮನೆಯಾಗುತ್ತಿತ್ತು. ಸೋಮವಾರ ಮನೆಯನ್ನು ಕಾಲುಗಳ ಮೇಲೆ ಇಳಿಸಿ ನಿಲ್ಲಿಸಿದರೆ ಮತ್ತೆ ದುಡಿಮೆಯ ಗಾಡಿ. 1956ರ ಕಾನೂನಿನಂತೆ 41,000 ಮೈಲಿಗಳ ಹೊಸ ಹೆದ್ದಾರಿಗಳನ್ನು ಕಟ್ಟಲು ದೇಶವು ತೊಡಗಿದಾಗ ಈ ಹವ್ಯಾಸಕ್ಕೆ ರಾಜಮಾರ್ಗವೇ ತೆರೆದಂತಾಯಿತು.

ಈ ಬಗೆಯ ಪ್ರವಾಸಿಗಳಲ್ಲಿ ಎಲ್ಲರಿಗಿಂತ ಪ್ರಸಿದ್ಧರಾದವರು ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. ತಮ್ಮ ದೇಶವನ್ನು ಮತ್ತೊಮ್ಮೆ ಕಣ್ಣಾರೆ ಕಾಣಬೇಕೆಂದು ಅವರು 1960ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಪ್ರಾಂತದ ಸ್ಯಾಗ್ ಹಾರ್ಬರ್ ಎಂಬ ಊರಿನಿಂದ ಹೊರಟರು. ಜೊತೆಗೆ ಚಾರ್ಲಿ ಎಂಬ ನಾಯಿ. ವಾಹನವು ಜಿ. ಎಂ. ಸಿ. ಸಂಸ್ಥೆಯ ಮುಕ್ಕಾಲು ಟನ್ನಿನ ಹೊಸ ಪಿಕಪ್. ಬೆನ್ನ ಮೇಲೆ ಕ್ಯಾಂಪರು. ಡಾನ್ ಕ್ವಿಕ್ಸೋಟನ ಬಡ ಕುದುರೆಯ ಹೆಸರಾದ ‘ರೋಸಿನಾಂಟೆ’ ಎಂಬುದನ್ನೇ ಅದಕ್ಕಿಟ್ಟರು. ಸುಮಾರು 10,000 ಮೈಲಿಗಳ ಆ ಪ್ರವಾಸದ ಕಥೆ 1962ರಲ್ಲಿ ಪುಸ್ತಕವಾಗಿ ಬಂದಿತು. ಅದೇ ವರುಷ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಬೇಕಾದದ್ದಕ್ಕಿಂತ ಬಹಳ ಹೆಚ್ಚಿನ ಸಾಮಾನನ್ನು ಗಾಡಿಗೆ ತುಂಬಿದೆನೆಂದು ಅವರೇ ಆ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಹತಾರಗಳು, ಡಬ್ಬಿಯ ಆಹಾರ, ಅವುಗಳ ಮೇಲೆ 150 ಪೌಂಡು, ಎಂದರೆ ಸುಮಾರು 68 ಕಿಲೋಗ್ರಾಂ ಪುಸ್ತಕಗಳು! ಓದಬೇಕೆಂದುಕೊಂಡು ಓದದೆ ಉಳಿದ ಪುಸ್ತಕಗಳು ಅವು. ಆರೆಗನ್ ಪ್ರಾಂತದಲ್ಲಿ ಮಳೆ ಸುರಿಯುತ್ತಿದ್ದ ಒಂದು ಭಾನುವಾರ ಅವರ ಗಾಡಿಯ ಟೈರು ಸಿಡಿಯಿತು. ಹೊರೆಯೇ ಅದಕ್ಕೆ ಕಾರಣವೆಂದು ನಾವು ಇಲ್ಲಿ ಕುಳಿತು ತೀರ್ಪು ಕೊಡುವುದು ಬೇಡ. ಆದರೆ ಅಂಥ ದೊಡ್ಡ ಬರಹಗಾರರೇ ಆಗಲಿ, ಪಕ್ಕದ ಬೀದಿಯ ದಿನಸಿ ವ್ಯಾಪಾರಿಯೇ ಆಗಲಿ, ಪ್ರಯಾಣಕ್ಕೆ ಗಂಟು ಕಟ್ಟುವಾಗ ಮನುಷ್ಯ ಸ್ವಭಾವವು ಒಂದೇ. ಇದೂ ಇರಲಿ, ಅದೂ ಇರಲಿ ಎನ್ನುವುದೇ ಆ ಸ್ವಭಾವ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಗಾಡಿಯ ಎಂಜಿನ್ನು ಎಳೆಯುವಾಗ ಹೊರೆಯ ಚಿಂತೆ ಏಕೆ? ವಾಚಕರೇ, ಎಂಜಿನ್ನು ಎಳೆಯುತ್ತದೆ, ನಿಜ. ಆದರೆ ಹೊರುವುದು ಎಂಜಿನ್ನಲ್ಲ. ಹೊರುವುದು ಟೈರು, ಗಾಲಿ, ಅಚ್ಚು ಮತ್ತು ಸ್ಪ್ರಿಂಗು. ಇಳಿಜಾರಿನಲ್ಲಿ ತಡೆದು ನಿಲ್ಲಿಸುವುದು ಬ್ರೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಶಕ್ತಿಯೇ ಇಡೀ ಗಾಡಿಯ ಶಕ್ತಿ. ಮಿತಿ ಮೀರಿದ ಹೊರೆಯಿಂದ ಟೈರಿನ ಮಗ್ಗುಲು ಸುತ್ತುಸುತ್ತಿಗೂ ಹೆಚ್ಚು ಬಾಗಿ ಕಾಯುತ್ತದೆ. ಗಾಳಿ ಕಡಿಮೆಯಿದ್ದರೆ ಇನ್ನೂ ಬೇಗ ಕಾಯುತ್ತದೆ. ಉದ್ದನೆಯ ಘಾಟಿಯನ್ನು ಇಳಿಯುವಾಗ ಬ್ರೇಕು ಬಿಸಿಯಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಎಂಜಿನ್ನು ಮಾತ್ರ ಏನೂ ಆಗದವರಂತೆ ಓಡುತ್ತಲೇ ಇರುತ್ತದೆ. ಅಪಾಯದ ಸೂಚನೆ ಚಾಲಕನಿಗೆ ತಿಳಿಯದಿರುವುದು ಇದರಿಂದಲೇ.

ಎಷ್ಟು ಹೊರೆ ಎಂಬುದರಷ್ಟೇ ಮುಖ್ಯವಾದದ್ದು, ಹೊರೆ ಎಲ್ಲಿ ಎಂಬುದು. ನಮ್ಮ ಎತ್ತಿನ ಗಾಡಿ ಹೊಡೆಯುವವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂಟೆಗಳನ್ನು ಹಿಂದಕ್ಕೆ ಪೇರಿಸಿದರೆ ನೊಗ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಪೇರಿಸಿದರೆ ಹೆಗಲು ಕುಸಿಯುತ್ತದೆ. ಪಿಕಪ್ಪಿನಲ್ಲಿಯೂ ಹಾಗೆಯೇ. ಕ್ಯಾಂಪರಿನ ಭಾರದ ಮಧ್ಯಬಿಂದುವು ಹಿಂದಿನ ಅಚ್ಚಿಗಿಂತ ತುಸು ಮುಂದೆ ಬಿದ್ದರೆ ಎರಡು ಅಚ್ಚುಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ಅದು ಹಿಂದಿನ ಅಚ್ಚನ್ನು ದಾಟಿ ಹೋಯಿತೋ, ಮುಂದಿನ ಚಕ್ರಗಳು ಹಗುರಾಗಿ ಚುಕ್ಕಾಣಿಯ ಮಾತು ಕೇಳುವುದಿಲ್ಲ. ಅದರ ಜೊತೆಗೆ ಕ್ಯಾಂಪರು ಎತ್ತರದ ವಸ್ತು. ಎದುರಿನಿಂದ ಬಂದ ದೊಡ್ಡ ಲಾರಿಯ ಗಾಳಿಗೆ, ತಿರುವಿನ ಓಲಾಟಕ್ಕೆ ಅದು ತೂಗಾಡುತ್ತದೆ.

ಗಾಡಿ ತಯಾರಕರು ಇದನ್ನು ಕಾಣದೆ ಇರಲಿಲ್ಲ. 1960ರ ದಶಕದಲ್ಲಿ ‘ಕ್ಯಾಂಪರಿಗೆಂದೇ’ ಬಲವಾದ ಸ್ಪ್ರಿಂಗುಗಳನ್ನು ಹಾಕಿದ ಪಿಕಪ್ಪುಗಳು ಮಾರುಕಟ್ಟೆಗೆ ಬಂದವು. ಷೆವ್ರಲೆ ಸಂಸ್ಥೆಯು 1968ರಲ್ಲಿ ತಂದ ‘ಲಾಂಗ್‌ಹಾರ್ನ್’ ಗಾಡಿಯ ತೊಟ್ಟಿ ಎಂಟೂವರೆ ಅಡಿ. ಎರಡು ಅಚ್ಚುಗಳ ನಡುವಣ ಅಂತರ 133 ಅಂಗುಲ. ಫೋರ್ಡಿನವರು 1973ರಲ್ಲಿ ಆ ಅಂತರವನ್ನು 140 ಅಂಗುಲಕ್ಕೆ ಹಿಗ್ಗಿಸಿ ‘ಸೂಪರ್ ಕ್ಯಾಂಪರ್ ಸ್ಪೆಷಲ್’ ಎಂಬ ಗಾಡಿಯನ್ನು ಹೊರಡಿಸಿದರು. ಹಿಂದಿನ ಅಚ್ಚು ಇನ್ನೂ ಹಿಂದಕ್ಕೆ ಸರಿದರೆ ಕ್ಯಾಂಪರಿನ ಭಾರ ಅದರ ಮುಂದೆ ಬೀಳುತ್ತದೆ ಎಂಬುದೇ ಇದರ ಮರ್ಮ. ಆದರೆ ಈಗಾಗಲೇ ರಸ್ತೆಯ ಮೇಲಿದ್ದ ಹಳೆಯ ಗಾಡಿಗಳ ಗತಿಯೇನು?

ಈ ಪ್ರಶ್ನೆಯು ನ್ಯಾಯಾಲಯದ ಮೆಟ್ಟಲೇರಿತು. 1960ರಿಂದ 1965ರವರೆಗೆ ಜನರಲ್ ಮೋಟಾರ್ಸ್ ಸಂಸ್ಥೆಯು ಮಾರಿದ ಮುಕ್ಕಾಲು ಟನ್ನಿನ ಸುಮಾರು 2 ಲಕ್ಷ ಗಾಡಿಗಳಿಗೆ ಒಂದು ಬಗೆಯ 15 ಅಂಗುಲದ ಗಾಲಿಗಳಿದ್ದವು. ಅವು ಮುರಿಯುತ್ತಿವೆಯೆಂಬ ದೂರುಗಳು ಬಂದವು. ಸ್ಟೈನ್‌ಬೆಕ್ಕರ ಗಾಡಿಯೂ ಇದೇ ಸಂಸ್ಥೆಯ, ಇದೇ ತರಗತಿಯ ಗಾಡಿ. ಅದಕ್ಕೂ ಇದೇ ಗಾಲಿಗಳಿದ್ದವೆಂದು ನಾನು ಹೇಳುತ್ತಿಲ್ಲ. ಗಾಲಿಯಲ್ಲಿ ದೋಷವಿಲ್ಲ, ಮಾಲೀಕರು ಕ್ಯಾಂಪರು ಮೊದಲಾದವನ್ನು ಹೇರಿ ಮಿತಿ ಮೀರಿದ್ದರಿಂದ ಮುರಿಯುತ್ತಿವೆ ಎಂದು ಸಂಸ್ಥೆಯ ವಾದ. 1969ರಲ್ಲಿ ಅದು ಕ್ಯಾಂಪರು ಅಥವಾ ವಿಶೇಷ ಕಟ್ಟಡ ಹೊತ್ತ ಸುಮಾರು 50,000 ಗಾಡಿಗಳಿಗೆ ಗಾಲಿ ಬದಲಿಸಿಕೊಡಲು ಒಪ್ಪಿತು. ಉಳಿದವರಿಗೆ ಹೊರೆಯ ಬಗೆಗೆ ಎಚ್ಚರಿಕೆಯ ಮಾತಷ್ಟೇ. ಗ್ರಾಹಕರ ಪರವಾಗಿ ಹೋರಾಡುತ್ತಿದ್ದ ರಾಲ್ಫ್ ನೇಡರ್ ಇದನ್ನು ಪ್ರಶ್ನಿಸಿದರು. ಸರಕಾರವೂ ಮುಂದೆ ಮೊಕದ್ದಮೆ ಹೂಡಿತು.

1975ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಕೊಟ್ಟ ತೀರ್ಪು ಇಂದಿಗೂ ಓದತಕ್ಕದ್ದು. ಕೆಳಗಿನ ನ್ಯಾಯಾಲಯವು ಪೂರ್ಣ ವಿಚಾರಣೆಯಿಲ್ಲದೆ ಸರಕಾರದ ಪರವಾಗಿ ತೀರ್ಮಾನಿಸಿದ್ದು ಸರಿಯಲ್ಲವೆಂದು ಅದು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ಆದರೆ ಅದರೊಡನೆ ಒಂದು ತತ್ತ್ವವನ್ನೂ ಹೇಳಿತು. ಜನರು ವಸ್ತುವನ್ನು ಹೇಗೆ ಬಳಸುತ್ತಾರೆ, ಎಷ್ಟರ ಮಟ್ಟಿಗೆ ಅದರ ಮೇಲೆ ಜುಲುಮೆ ಮಾಡುತ್ತಾರೆ ಎಂಬುದು ಮೊದಲೇ ಊಹಿಸಬಹುದಾದದ್ದಾದರೆ, ಅದನ್ನು ತಯಾರಕನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮುರಿದ ಗಾಲಿಗಳ ಸಂಖ್ಯೆ ಗಣನೀಯವಾಗಿದ್ದರೆ, ಬಳಕೆದಾರನ ತಪ್ಪು ಊಹೆಗೆ ಮೀರಿದ ಅತಿರೇಕವೆಂದು ತೋರಿಸುವ ಹೊಣೆ ತಯಾರಕನದೇ. ಇದೂ ಇರಲಿ, ಅದೂ ಇರಲಿ ಎನ್ನುವ ಸ್ವಭಾವವನ್ನು ನ್ಯಾಯಾಲಯವೂ ಗುರುತಿಸಿತೆನ್ನಬೇಕು.

ಈ ವ್ಯಾಜ್ಯ ನಡೆಯುತ್ತಿದ್ದಾಗಲೇ ಸರಕಾರವು ಮೊದಲೇ ಆಗಬೇಕಾಗಿದ್ದ ಕೆಲಸವನ್ನು ಮಾಡಿತ್ತು. 1966ರ ವಾಹನ ಸುರಕ್ಷತೆಯ ಕಾನೂನಿನ ಕೆಳಗೆ, 1973ರ ಜನವರಿ 1ರಿಂದ, 126ನೆಯ ಸಂಖ್ಯೆಯ ನಿಯಮವು ಜಾರಿಗೆ ಬಂದಿತು. ಮನೆ ಕಟ್ಟುವವನು ತನ್ನ ಕ್ಯಾಂಪರಿನ ತೂಕವೆಷ್ಟೆಂದು ಅದರ ಮೇಲೆಯೇ ಚೀಟಿ ಹಚ್ಚಬೇಕು. ಬರಿಯ ಮನೆಯ ತೂಕವಲ್ಲ. ಇಷ್ಟು ಗ್ಯಾಲನ್ ನೀರು, ಇಷ್ಟು ಪೌಂಡು ಅನಿಲ, ಇಷ್ಟು ಮಂಜುಗಡ್ಡೆ ಅಥವಾ ಇಂಥ ಗಾತ್ರದ ಶೀತಕ ಪೆಟ್ಟಿಗೆ ಇವುಗಳೊಡನೆ ಎಂದು ಬಿಡಿಸಿ ಬರೆಯಬೇಕು. ಗಾಡಿ ಮಾಡುವವನು ತನ್ನ ಗಾಡಿ ಎಷ್ಟು ಹೊರಬಲ್ಲದು, ಭಾರದ ಮಧ್ಯಬಿಂದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದನ್ನು ಚಿತ್ರಸಹಿತ ತಿಳಿಸಬೇಕು. ನಮ್ಮ ಲಾರಿಗಳ ಮಗ್ಗುಲಲ್ಲಿ ಬರಿಯ ತೂಕವನ್ನೂ ತುಂಬಿದ ತೂಕವನ್ನೂ ಬರೆದಿರುವುದನ್ನು ನೀವು ಕಂಡಿದ್ದೀರಿ. ಇದು ಅದೇ ಜಾತಿಯ ಏರ್ಪಾಡು. ಮುಂದೆ 126 ಎಂಬ ಆ ಸಂಖ್ಯೆ, ಗಾಡಿ ಜಾರದಂತೆ ಕಾಯುವ ವಿದ್ಯುನ್ಮಾನ ಸಾಧನದ ನಿಯಮಕ್ಕೆ ಹೋಯಿತು. ಕ್ಯಾಂಪರಿನ ಚೀಟಿಯ ನಿಯಮವು ಗ್ರಾಹಕರ ಮಾಹಿತಿಯ ಕಟ್ಟಳೆಗಳಲ್ಲಿ ಉಳಿದುಕೊಂಡಿದೆ.

ಹೀಗೆ ಮೂವರಲ್ಲಿ ಇಬ್ಬರ ಲೆಕ್ಕ ಕಾಗದಕ್ಕೆ ಬಂದಿತು. ಮೂರನೆಯವನ ಲೆಕ್ಕವನ್ನು ಕೂಡಿಸಿ ನೋಡೋಣ. ಉದಾಹರಣೆಗೆ, ತುಂಬಿದ ಗಾಡಿಯ ಒಟ್ಟು ಮಿತಿ 4,500 ಕಿಲೋಗ್ರಾಂ ಎಂದಿಟ್ಟುಕೊಳ್ಳಿರಿ. ಬರಿಯ ಗಾಡಿಯದೇ 3,000. ಹೊರಲು ಉಳಿದದ್ದು 1,500. ನೀರು, ಅನಿಲ ಸೇರಿ ಕ್ಯಾಂಪರಿನ ಚೀಟಿ ಹೇಳುವ ತೂಕ 1,150. ಉಳಿಯಿತು 350. ಗಂಡ ಹೆಂಡಿರಿಬ್ಬರೂ ಸೇರಿ 150 ಎಂದರೆ, 200. ಆಮೇಲೆ ಹಾಕಿಸಿದ ಬಿಸಿಲುಮರೆ, ಹೆಚ್ಚಿನ ಬ್ಯಾಟರಿ ಇವು 70, ಉಳಿದದ್ದು 130. ಇಷ್ಟರಲ್ಲಿಯೇ ಪಾತ್ರೆ, ಬಟ್ಟೆ, ಹಾಸಿಗೆ, ತಿಂಡಿ, ಹತಾರ ಎಲ್ಲವೂ ಆಗಬೇಕು. ಸ್ಟೈನ್‌ಬೆಕ್ಕರ ಪುಸ್ತಕಗಳನ್ನು ಇಟ್ಟರೆ ಅರ್ಧ ಅಲ್ಲಿಗೇ ಮುಗಿಯಿತು! ನೀರಿಲ್ಲದೆ ಒಣ ತೂಕವನ್ನು ಮಾತ್ರ ಹೇಳುವ ಜಾಹೀರಾತನ್ನು ನಂಬಿದರಂತೂ ಕೇಳುವುದೇ ಬೇಡ. ಅಮೆರಿಕದ 40 ಗ್ಯಾಲನ್ ನೀರೆಂದರೆ ಸುಮಾರು 150 ಕಿಲೋಗ್ರಾಂ. ಇಬ್ಬರು ಆಳುಗಳ ಭಾರ.

ಕ್ಯಾಂಪರುಗಳು ಅಂದಿನಿಂದ ಬೆಳೆಯುತ್ತಲೇ ಬಂದಿವೆ. ಸ್ನಾನದ ಕೋಣೆ, ಪಕ್ಕಕ್ಕೆ ಹಿಗ್ಗುವ ಗೋಡೆ, ಸೂರ್ಯಶಕ್ತಿಯ ಹಲಗೆ ಎಲ್ಲವೂ ಬಂದು, ಈಗಿನ ದೊಡ್ಡವು ಖಾಲಿಯಿದ್ದಾಗಲೇ 4,000 ಪೌಂಡು, ಎಂದರೆ 1,800 ಕಿಲೋಗ್ರಾಮಿಗೂ ಮೀರುತ್ತವೆ. ಅವನ್ನು ಹೊರಲು ಹಿಂದೆ ಜೋಡಿ ಚಕ್ರಗಳಿರುವ ಭಾರೀ ಗಾಡಿಗಳೇ ಬೇಕು. ಸ್ಪ್ರಿಂಗಿನ ಜೊತೆಗೆ ಗಾಳಿಚೀಲಗಳನ್ನು ಹಾಕಿಸಿದರೆ ಗಾಡಿಯ ಹಿಂಭಾಗವು ಕುಸಿಯದೆ ನೆಟ್ಟಗೆ ನಿಲ್ಲುತ್ತದೆ, ಓಲಾಟವೂ ಕಡಿಮೆಯಾಗುತ್ತದೆ. ಆದರೆ ಅದರಿಂದ ಟೈರಿನ, ಗಾಲಿಯ, ಅಚ್ಚಿನ ಮಿತಿ ಒಂದು ಗ್ರಾಮಿನಷ್ಟೂ ಹೆಚ್ಚುವುದಿಲ್ಲ.

ಆದುದರಿಂದ ಅಲ್ಲಿನ ಅನುಭವಸ್ಥರು ಹೊಸಬರಿಗೆ ಹೇಳುವ ಬುದ್ಧಿಮಾತು ಒಂದೇ: ಊಹಿಸಬೇಡ, ತೂಗಿಸು. ಹೆದ್ದಾರಿಯ ಬದಿಯಲ್ಲಿ ಲಾರಿಗಳು ತಂಗುವೆಡೆಗಳಲ್ಲಿ ದೊಡ್ಡ ತೂಕದ ಕಟ್ಟೆಗಳಿವೆ. ಇವನ್ನು ದೇಶವ್ಯಾಪಿಯಾಗಿ ನಡೆಸುವ ಕ್ಯಾಟ್ ಸ್ಕೇಲ್ ಎಂಬ ಸಂಸ್ಥೆ 1977ರಲ್ಲಿ ಆರಂಭವಾಯಿತು. ನೀರು ತುಂಬಿಸಿ, ಸಾಮಾನನ್ನೆಲ್ಲ ಇಟ್ಟು, ಹೆಂಡಿರು ಮಕ್ಕಳೂ ಕುಳಿತು, ಹೊರಟ ರೀತಿಯಲ್ಲಿಯೇ ಗಾಡಿಯನ್ನು ಅಲ್ಲಿ ನಿಲ್ಲಿಸಬೇಕು. ಮುಂದಿನ ಅಚ್ಚಿನ ಭಾರವೆಷ್ಟು, ಹಿಂದಿನದೆಷ್ಟು, ಒಟ್ಟು ಎಷ್ಟು ಎಂದು ಚೀಟಿ ಬರುತ್ತದೆ. ಗಾಡಿಯ ಬಾಗಿಲಂಚಿನಲ್ಲಿ ತಯಾರಕನು ಬರೆದ ಅಂಕಿಗಳ ಪಕ್ಕದಲ್ಲಿ ಅದನ್ನಿಟ್ಟು ಓದಬೇಕು. ಮಿತಿ ಮೀರಿದ್ದರೆ ಏನನ್ನು ಇಳಿಸಬೇಕೆಂದು ಅಲ್ಲಿಯೇ ತೀರ್ಮಾನಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆ ಎಷ್ಟು ಉದ್ದವಿದೆ ಎಂಬುದನ್ನು ಮೊದಲು ಅಳೆದುಕೊಳ್ಳಬೇಕೆಂಬುದೂ ಆ ಮಾತಿನಲ್ಲಿ ಅಡಗಿದೆ. ಅಮೆರಿಕನರು ಗಾಡಿಯನ್ನು ಕಂಡುಹಿಡಿದು, ಮನೆಯನ್ನು ಕಟ್ಟಿ, ಹೆದ್ದಾರಿಗಳನ್ನು ಹಾಸಿ, ಮುರಿದ ಗಾಲಿಗಳಿಗಾಗಿ ನ್ಯಾಯಾಲಯಕ್ಕೆ ಅಲೆದು, ನಿಯಮವನ್ನೂ ಬರೆದರು. ಆದರೂ ಕಟ್ಟಕಡೆಯ ಮೂಟೆಯನ್ನು ಒಳಗಿಡುವ ಕೈ ಮನೆಯ ಯಜಮಾನನದೇ. ಆ ಗಾಡಿಯಲ್ಲಿ ಕೂರುವವರು ಅವನ ಹೆಂಡಿರು ಮಕ್ಕಳೇ. ಎದುರಿನಿಂದ ಬರುವ ಗಾಡಿಯಲ್ಲಿರುವವರು ಇನ್ನಾರದೋ ಹೆಂಡಿರು ಮಕ್ಕಳು.