ಕಸಿಯಾದ ಕಿಡ್ನಿ, ಜಾರಿಹೋಗುವ ಸಂಕೇತ: ಬಿಂಡಿಗನವಿಲೆ ಸೀಮೆಯಿಂದ ಒಂದು ದಾಖಲೆ ವಿಚಾರ

ಆಸ್ಪತ್ರೆಗಳು ಐಸಿಡಿ-10 ಎಂದು ಕರೆಯುವ ಅಂತರರಾಷ್ಟ್ರೀಯ ರೋಗ ವರ್ಗೀಕರಣದಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡು ಬದುಕುತ್ತಿರುವವರಿಗೆ ಒಂದು ಸಂಕೇತವಿದೆ: ಝಡ್94.0. ಅದು ಯಾವ ಕಾಯಿಲೆಯನ್ನೂ ಹೆಸರಿಸುವುದಿಲ್ಲ. ಈ ದೇಹದಲ್ಲಿ ಬೇರೊಬ್ಬರ ಮೂತ್ರಪಿಂಡ ಕೆಲಸ ಮಾಡುತ್ತಿದೆ ಎಂದಷ್ಟೇ ಹೇಳುತ್ತದೆ. ಕಸಿ ಮಾಡಿದ ದೊಡ್ಡ ಆಸ್ಪತ್ರೆಗೆ ಈ ಸಂಕೇತದ ಹಂಗು ಅಷ್ಟಾಗಿ ಇಲ್ಲ. ಅಲ್ಲಿನ ನೆಫ್ರಾಲಜಿ ವಿಭಾಗದವರಿಗೆ ರೋಗಿಯ ಮುಖ, ಕಡತ, ಔಷಧದ ಅಳತೆ ಎಲ್ಲವೂ ಪರಿಚಿತ. ಅದು ನಿಜಕ್ಕೂ ಬೇಕಾಗುವುದು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಂಥ ಹೋಬಳಿ ಕೇಂದ್ರದಲ್ಲಿ, ರಾತ್ರಿ ಜ್ವರ ಬಂದವನನ್ನು ಮೊದಲು ಕರೆದೊಯ್ಯುವ ಜಾಗದಲ್ಲಿ. ದಾಖಲೆಯಿಂದ ಸಂಕೇತ ಜಾರಿಹೋಗುವ ಜಾಗವೂ ಅದೇ ಎಂಬುದು ಈ ಲೇಖನದ ವಾದ.

ಗರುಡನ ಉತ್ಸವಕ್ಕೆ ಹೆಸರಾದ ಬಿಂಡಿಗನವಿಲೆ ಮಂಡ್ಯ ಜಿಲ್ಲೆಯ ಒಣಭಾಗದಲ್ಲಿದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಭತ್ತ ಕಬ್ಬಿನಿಂದ ದೂರ, ರಾಗಿ ತೆಂಗಿನ ಸೀಮೆ. ಇಲ್ಲಿಯವರಿಗೆ ಮೂತ್ರಪಿಂಡ ಕೈಕೊಟ್ಟರೆ ಹಾದಿ ಹೆಚ್ಚುಕಡಿಮೆ ಗೊತ್ತಿರುವುದೇ: ನಾಗಮಂಗಲದ ತಾಲ್ಲೂಕು ಆಸ್ಪತ್ರೆ, ಇಲ್ಲವೇ ಬೆಳ್ಳೂರು ಕ್ರಾಸಿನ ಬಳಿ ಬಿ.ಜಿ. ನಗರದಲ್ಲಿ 1986ರಿಂದ ನಡೆಯುತ್ತಿರುವ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ, ಆಮೇಲೆ ಮಂಡ್ಯ, ಕಸಿಯ ಮಾತು ಬಂದಾಗ ಮೈಸೂರು ಅಥವಾ ನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಬಡವರ ದಾರಿ. ಕೆ.ಆರ್. ಪೇಟೆಯವರ ಹಾದಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಹಾದಿಯ ಒಂದೊಂದು ನಿಲ್ದಾಣದಲ್ಲೂ ಒಂದೊಂದು ಚೀಟಿ, ಒಂದೊಂದು ಕೇಸ್ ಶೀಟು. ಇವು ಒಂದನ್ನೊಂದು ಓದುವುದಿಲ್ಲ.

ಅಂಗಾಂಗ ಕಸಿಗೆ ಕಾನೂನಿನ ಚೌಕಟ್ಟು ಬಂದದ್ದು 1994ರಲ್ಲಿ. 2011ರಲ್ಲಿ ಅದು ತಿದ್ದುಪಡಿಯಾಯಿತು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನೂ ಕಾಯುವವರ ಪಟ್ಟಿಯನ್ನೂ ನೋಡಿಕೊಳ್ಳುವುದು ಜೀವಸಾರ್ಥಕತೆ. ಅಂದರೆ ಕಸಿಯಾಗುವ ಕ್ಷಣದವರೆಗೆ ರೋಗಿ ಬಿಗಿಯಾದ ದಾಖಲೆಯ ಒಳಗಿರುತ್ತಾನೆ: ರಕ್ತದ ಗುಂಪು, ಅಂಗಾಂಶ ಹೊಂದಾಣಿಕೆ, ಒಪ್ಪಿಗೆ ಪತ್ರ, ಅನುಮತಿ ಸಮಿತಿಯ ಸಹಿ. ಸಡಿಲ ಶುರುವಾಗುವುದು ಆತ ಊರಿಗೆ ಮರಳಿದ ಮೇಲೆ.

ರೋಗ ವರ್ಗೀಕರಣದ ಕಥೆಯೂ ಹೀಗೆಯೇ, ಸಾವಿನಿಂದ ಬದುಕಿನ ಕಡೆಗೆ ನಿಧಾನವಾಗಿ ನಡೆದದ್ದು. 1893ರಲ್ಲಿ ಫ್ರಾನ್ಸಿನ ಅಂಕಿಅಂಶ ತಜ್ಞ ಜಾಕ್ ಬೆರ್ತಿಯೋ ಷಿಕಾಗೊದಲ್ಲಿ ಮಂಡಿಸಿದ ಪಟ್ಟಿಯಲ್ಲಿ ಇದ್ದದ್ದು ಸಾವಿನ ಕಾರಣಗಳು ಮಾತ್ರ. 1948ರ ಆರನೆಯ ಪರಿಷ್ಕರಣೆಯಲ್ಲಿ ಬದುಕಿರುವವರ ಕಾಯಿಲೆಗಳೂ ಒಳಗೆ ಬಂದವು. ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಅವಳಿ ಸಹೋದರರ ನಡುವೆ ಕಿಡ್ನಿ ಕಸಿ ಮಾಡಿ ಯಶಸ್ಸು ಕಂಡದ್ದು 1954ರ ಡಿಸೆಂಬರಿನಲ್ಲಿ; ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅದು ನಡೆದದ್ದು 1971ರಲ್ಲಿ. ಕಸಿಯಾದವರು ವರ್ಷಗಟ್ಟಲೆ ಬದುಕತೊಡಗಿದ ಮೇಲೆ ‘ಕಾಯಿಲೆಯಲ್ಲದ, ಆದರೂ ಮರೆಯಬಾರದ ಸ್ಥಿತಿ’ಗೆ ಪಟ್ಟಿಯಲ್ಲಿ ಜಾಗ ಬೇಕಾಯಿತು. 1990ರಲ್ಲಿ ಅಂಗೀಕಾರವಾದ ಹತ್ತನೆಯ ಪರಿಷ್ಕರಣೆಯ ಝಡ್ ಅಧ್ಯಾಯ ಅಂಥ ಸ್ಥಿತಿಗಳ ಕೋಣೆ.

ಈ ಸಂಕೇತಗಳು ದಾಖಲೆಗೆ ಬರುವ ಬಗೆಯನ್ನು ಒಬ್ಬ ಕಲ್ಪಿತ ರೋಗಿಯ ಮೂಲಕ ನೋಡುವುದು ಸುಲಭ. ಬಿಂಡಿಗನವಿಲೆ ಹೋಬಳಿಯ ನಲವತ್ತರ ಆಸುಪಾಸಿನ ರೈತ ಎಂದುಕೊಳ್ಳೋಣ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿದೆ ಎಂದು ಗೊತ್ತಾದಾಗ ಬರೆಯಬೇಕಾದದ್ದು ಇ11.2, ಜೊತೆಗೆ ಕಾಯಿಲೆಯ ಹಂತ ತಿಳಿಸುವ ಎನ್18.5. ಡಯಾಲಿಸಿಸ್ ಹಿಡಿದ ಮೇಲೆ ಝಡ್99.2 ಸೇರುತ್ತದೆ. ತಾಯಿ ಕೊಟ್ಟ ಕಿಡ್ನಿ ಕೂಡಿಸಿದ ನಂತರ ಡಯಾಲಿಸಿಸ್ ಸಂಕೇತ ಹೋಗಿ ಝಡ್94.0 ಬರಬೇಕು. ಮೂರು ವರ್ಷದ ಮೇಲೆ ನ್ಯುಮೋನಿಯಾ ಎಂದು ದಾಖಲಾದರೆ ಮುಖ್ಯ ಕಾಯಿಲೆ ಜೆ18.9, ಪಕ್ಕದಲ್ಲಿ ಝಡ್94.0. ಕಸಿಯಾದ ಅಂಗವನ್ನು ದೇಹವೇ ತಿರಸ್ಕರಿಸತೊಡಗಿದರೆ ಟಿ86.1, ಆಗ ಅದೇ ಅಂಗಕ್ಕೆ ಝಡ್94.0 ಬರೆಯುವಂತಿಲ್ಲ, ಏಕೆಂದರೆ ತೊಡಕಿನ ಸಂಕೇತದಲ್ಲೇ ಕಸಿಯ ಸುದ್ದಿ ಅಡಗಿದೆ.

ಕಾಗದದ ಮೇಲೆ ಇಷ್ಟು ಚೊಕ್ಕ. ಕೇಸ್ ಶೀಟಿನಲ್ಲಿ ಹಾಗಿರುವುದಿಲ್ಲ.

ಮೊದಲನೆಯ ತೊಡಕು ಕ್ರಿಯಾಟಿನಿನ್‌ನದು. ಕಸಿಯಾದವರಲ್ಲಿ ಎಷ್ಟೋ ಜನಕ್ಕೆ ಕ್ರಿಯಾಟಿನಿನ್ ಪೂರ್ತಿ ಸಹಜಕ್ಕೆ ಇಳಿಯುವುದಿಲ್ಲ, 1.5ರ ಸುತ್ತ ನಿಂತುಬಿಡುತ್ತದೆ. ಅದನ್ನು ಕಸಿಯ ಸೋಲು ಎನ್ನಬೇಕೇ? ಇದಕ್ಕೆ ಅಮೆರಿಕದ ಬಳಕೆದಾರರ ಮಾರ್ಗಸೂಚಿ ಕೊಡುವ ಉತ್ತರ ವಿವೇಕದ್ದು: ಹೊಸ ಕಿಡ್ನಿ ಕಾರ್ಯವನ್ನು ಪೂರ್ತಿ ಮರಳಿಸದಿರಬಹುದು, ಆದ್ದರಿಂದ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಉಳಿದಿದೆ ಎಂಬುದೊಂದೇ ತೊಡಕಲ್ಲ, ಎನ್18ರ ಸೂಕ್ತ ಹಂತವನ್ನೂ ಝಡ್94.0 ಅನ್ನೂ ಒಟ್ಟಿಗೆ ಬರೆಯಬಹುದು. ತಿರಸ್ಕಾರ, ವೈಫಲ್ಯ ಮುಂತಾದ ಕಸಿಯ ತೊಡಕು ಇದೆ ಎಂದು ವೈದ್ಯರು ಬರೆದಾಗ ಮಾತ್ರ ಟಿ86. ಇದು ದಾಖಲೆ ವಿಭಾಗದವರು ತೀರ್ಮಾನಿಸುವ ವಿಷಯವಲ್ಲ. ಆದರೆ ‘ಗ್ರಾಫ್ಟ್ ಡಿಸ್‌ಫಂಕ್ಷನ್’ ಎಂಬ ಎರಡು ಪದದ ಡಿಸ್ಚಾರ್ಜ್ ಸಮರಿ ಕೈಗೆ ಬಂದರೆ ದಾಖಲೆ ವಿಭಾಗದಲ್ಲಿ ಕುಳಿತವರು ಮಾಡುವುದಾದರೂ ಏನು? ವೈದ್ಯರನ್ನು ಫೋನಿನಲ್ಲಿ ಕೇಳಬೇಕು, ಇಲ್ಲವೇ ಊಹಿಸಬೇಕು.

ಎರಡನೆಯದು ಪುಸ್ತಕಗಳ ಗೊಂದಲ, ಈ ಲೇಖನದ ದೃಷ್ಟಿಯಲ್ಲಿ ಹೆಚ್ಚು ಅಪಾಯದ್ದು. ಭಾರತ ಒಪ್ಪಿಕೊಂಡಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10. ಅಂತರ್ಜಾಲದಲ್ಲಿ ‘ಕಿಡ್ನಿ ಕಸಿ ಸಂಕೇತ’ ಎಂದು ಹುಡುಕಿದವರ ಕೈಗೆ ಸುಲಭವಾಗಿ ಸಿಗುವುದು ಅಮೆರಿಕ ತನ್ನ ವಿಮೆ ವ್ಯವಸ್ಥೆಗಾಗಿ ಬೆಳೆಸಿಕೊಂಡ ಐಸಿಡಿ-10-ಸಿಎಂ. ಎರಡೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತವೆ, ಒಳಗೆ ಬೇರೆ. ಅಮೆರಿಕದ ಪಟ್ಟಿಯಲ್ಲಿ ಕೊನೆಯ ಹಂತದ ಮೂತ್ರಪಿಂಡ ಕಾಯಿಲೆಗೆ ಎನ್18.6 ಇದೆ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐದನೆಯ ಹಂತಕ್ಕೇ, ಎನ್18.5ಕ್ಕೇ ನಿಲ್ಲುತ್ತದೆ. ಅಮೆರಿಕದ ಪಟ್ಟಿಯಲ್ಲಿ ತಿರಸ್ಕಾರಕ್ಕೆ ಟಿ86.11, ವೈಫಲ್ಯಕ್ಕೆ ಟಿ86.12, ಸೋಂಕಿಗೆ ಟಿ86.13, ನಾವು ಒಪ್ಪಿಕೊಂಡದ್ದರಲ್ಲಿ ತಿರಸ್ಕಾರವೂ ವೈಫಲ್ಯವೂ ಟಿ86.1 ಎಂಬ ಒಂದೇ ಚೀಲದಲ್ಲಿ. ಡೆಂಗಿಗೆ ವಿಶ್ವ ಆರೋಗ್ಯ ಸಂಸ್ಥೆ ಎ97 ಎಂಬ ಹೊಸ ಸಂಕೇತ ತಂದ ಮೇಲೂ ಅಮೆರಿಕದವರು ಎ90 ಬಿಟ್ಟಿಲ್ಲ. ಜಿಲ್ಲೆಯ ಒಂದು ಆಸ್ಪತ್ರೆ ಒಂದು ಪುಸ್ತಕ, ಇನ್ನೊಂದು ಆಸ್ಪತ್ರೆ ಇನ್ನೊಂದು ಪುಸ್ತಕ ನೋಡಿ ಬರೆದರೆ, ಆಮೇಲೆ ಅವೆರಡನ್ನು ಕೂಡಿಸಿದ ಮೊತ್ತಕ್ಕೆ ಅರ್ಥವಿರುವುದಿಲ್ಲ.

ಟಿ86.1ರ ಒಂದೇ ಚೀಲ ಸಣ್ಣ ವಿಷಯವೂ ಅಲ್ಲ. ಹಠಾತ್ ತಿರಸ್ಕಾರವನ್ನು ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಹಲವು ಬಾರಿ ಹತೋಟಿಗೆ ತರಬಹುದು, ರೋಗಿ ಮನೆಗೆ ಹೋಗುತ್ತಾನೆ. ವೈಫಲ್ಯವೆಂದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಮರಳುವುದು. ಮಂಡ್ಯ ಜಿಲ್ಲೆಯಲ್ಲಿ ಕಸಿಯಾದ ಎಷ್ಟು ಜನ ಮತ್ತೆ ಡಯಾಲಿಸಿಸ್ ಯಂತ್ರದ ಮುಂದೆ ಕುಳಿತರು ಎಂಬುದನ್ನು ಟಿ86.1 ಎಣಿಸಿ ಹೇಳಲಾಗದು. ಟಿ86.1 ಹಾಗೂ ಝಡ್99.2 ಒಬ್ಬನೇ ರೋಗಿಯ ಹೆಸರಿನಲ್ಲಿ ಜೊತೆಯಾಗಿ ಬಂದಿವೆಯೇ ಎಂದು ನೋಡಬೇಕು. ಅಷ್ಟಕ್ಕೂ ಡಯಾಲಿಸಿಸ್ ತಾಲ್ಲೂಕಿನಲ್ಲಿ, ತಿರಸ್ಕಾರದ ಚಿಕಿತ್ಸೆ ಬೆಂಗಳೂರಿನಲ್ಲಿ ನಡೆದರೆ ಆ ಜೋಡಿ ಎಂದೂ ಒಂದೇ ಕಡತದಲ್ಲಿ ಕೂಡುವುದಿಲ್ಲ.

ಸಂಕೇತವನ್ನು ಯಾರು, ಯಾತಕ್ಕೆ ಬರೆಯುತ್ತಾರೆ ಎಂಬುದೂ ಮುಖ್ಯ. ಖಾಸಗಿ ವಿಮೆಯ ಕ್ಲೈಮ್ ಫಾರಂನ ಎರಡನೆಯ ಭಾಗದಲ್ಲಿ ಮುಖ್ಯ ಕಾಯಿಲೆ, ಜೊತೆ ಕಾಯಿಲೆಗಳಿಗೆ ಐಸಿಡಿ-10ರ ಖಾನೆಗಳಿವೆ, ಆಸ್ಪತ್ರೆ ತುಂಬಲೇಬೇಕು. 2018ರಲ್ಲಿ ಶುರುವಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುತ್ತದೆ. ಅಲ್ಲಿ ಹಣ ಬಿಡುಗಡೆಯಾಗುವುದು ಚಿಕಿತ್ಸೆಯ ಪ್ಯಾಕೇಜಿನ ಸಂಖ್ಯೆಗೆ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಕಣ್ಣೂ ಸಹಜವಾಗಿ ಆ ಸಂಖ್ಯೆಯ ಮೇಲೆಯೇ. ದಾಖಲಾಗದೆ ಹೊರರೋಗಿಯಾಗಿ ಬಂದು ಹೋಗುವ ಭೇಟಿಗೆ ಇಂಥ ಕ್ಲೈಮ್ ಇಲ್ಲ. ಕ್ಲೈಮ್ ಇಲ್ಲದ ಕಡೆ ಸಂಕೇತ ಬರೆಯುವ ಒತ್ತಡವೂ ಇಲ್ಲ. ಕಸಿಯಾದವರ ಬದುಕಿನ ಬಹುಪಾಲು ಕಳೆಯುವುದೋ ಹೊರರೋಗಿ ಚೀಟಿಯ ಮೇಲೆಯೇ. ಹಣ ಹರಿಯುವ ಕಡೆ ಮಾತ್ರ ಅಕ್ಷರ ಹರಿಯುವ ಈ ಏರ್ಪಾಡಿಗೆ ಹೋಬಳಿಯ ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ಬೆಳಗಿನಿಂದ ಸಾಲು ನಿಂತ ಜನರ ನಡುವೆ ಅವರು ‘ಜ್ವರ’ ಎಂದು ಬರೆಯುತ್ತಾರೆ, ಅದು ಆರ್50.9 ಆಗುತ್ತದೆ.

ಆ ಜ್ವರದ ಚೀಟಿಯಲ್ಲಿ ಝಡ್94.0 ಇಲ್ಲದಿದ್ದರೆ ಆಗುವುದೇನು? ಕಸಿಯಾದವರು ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮಾತ್ರೆಗಳ ಮೇಲೆ ನಿಂತಿರುತ್ತಾರೆ. ಗಂಟಲು ನೋವಿಗೆ ಕ್ಲಾರಿಥ್ರೊಮೈಸಿನ್ ಕೊಟ್ಟರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಏರುತ್ತದೆ, ಕಿಡ್ನಿಗೆ ವಿಷವಾಗುತ್ತದೆ. ಚರ್ಮದ ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಕೂಡ ಹಾಗೆಯೇ. ಕ್ಷಯಕ್ಕೆ ರಿಫಾಂಪಿಸಿನ್ ಶುರುಮಾಡಿದರೆ ಟ್ಯಾಕ್ರೊಲಿಮಸ್ ಕುಸಿದು ತಿರಸ್ಕಾರಕ್ಕೆ ದಾರಿಯಾಗುತ್ತದೆ. ಮೈಕೈ ನೋವಿಗೆ ಹಳ್ಳಿಗಳಲ್ಲಿ ಸಲೀಸಾಗಿ ಹಾಕುವ ಡೈಕ್ಲೊಫೆನಾಕ್ ಇಂಜೆಕ್ಷನ್ ಒಂಟಿ ಕಿಡ್ನಿಗೆ ಹೊರೆ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಇನ್ನೊಂದು ವಿಚಿತ್ರ ಕಾದಿರುತ್ತದೆ: ರೋಗಿಯ ಹಳೆಯ ಎರಡು ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದನ್ನು ಕಿಬ್ಬೊಟ್ಟೆಯ ಪಕ್ಕದಲ್ಲಿ ಕೂಡಿಸುತ್ತಾರೆ. ಕಸಿಯ ವಿಷಯ ತಿಳಿಯದ ಸ್ಕ್ಯಾನಿಂಗ್‌ನವರು ಸೊರಗಿದ ಎರಡನ್ನೇ ನೋಡಿ ‘ಎರಡೂ ಮೂತ್ರಪಿಂಡ ಕುಗ್ಗಿವೆ’ ಎಂದು ಬರೆದರೆ, ಚೆನ್ನಾಗಿ ಮೂತ್ರ ಹೋಗುತ್ತಿರುವವನಿಗೆ ಎನ್18.5 ಅಂಟಿಕೊಳ್ಳುತ್ತದೆ. ವರದಿ ಬರೆದವರು ಸುಳ್ಳು ಹೇಳಿಲ್ಲ, ಅವರಿಗೆ ಮೂರನೆಯದು ಇದೆಯೆಂದು ಯಾರೂ ಹೇಳಿಲ್ಲ.

ಇದೆಲ್ಲದರಲ್ಲಿ ಇನ್ನೊಬ್ಬರು ಪೂರಾ ಕಾಣೆಯಾಗುತ್ತಾರೆ: ಕಿಡ್ನಿ ಕೊಟ್ಟವರು. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಕೊಡುವವರಲ್ಲಿ ಹೆಂಗಸರು ಹೆಚ್ಚು, ತಾಯಂದಿರು, ಹೆಂಡಂದಿರು. ದಾನಕ್ಕೆಂದು ದಾಖಲಾದಾಗ ದಾನಿಗೆ ಝಡ್52.4. ಹೊರಬಂದ ಮೇಲೆ ಉಳಿಯುವುದು ಝಡ್90.5, ಅಂದರೆ ಕಿಡ್ನಿ ತೆಗೆಯಲಾಗಿದೆ ಎಂಬಷ್ಟೇ. ಗಡ್ಡೆಯಾಗಿಯೋ ಕಲ್ಲಾಗಿಯೋ ಕಿಡ್ನಿ ಕಳೆದುಕೊಂಡವರಿಗೂ ಅದೇ ಸಂಕೇತ; ಕೊಟ್ಟವರೂ ಕಳೆದುಕೊಂಡವರೂ ಒಂದೇ ಸಾಲಿನಲ್ಲಿ. ಆರೋಗ್ಯ ವಿಮೆಯಲ್ಲಿ ದಾನಿಯ ಶಸ್ತ್ರಚಿಕಿತ್ಸೆಯ ವೆಚ್ಚ ಪಡೆದವರ ಪಾಲಿಸಿಯ ಕೆಳಗೆ ಬರುವುದರಿಂದ ಅಲ್ಲೂ ಆಕೆಯ ಹೆಸರು ಹಿಂದಿನ ಸಾಲಿಗೆ ಸರಿಯುತ್ತದೆ. ಮಗನ ಫೈಲು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿರುವ ಮನೆಯಲ್ಲಿ ತಾಯಿಯ ಫೈಲು ಇರುವುದು ಕಡಿಮೆ. ಹತ್ತು ವರ್ಷದ ನಂತರ ಆಕೆಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಇರುವುದೊಂದೇ ಕಿಡ್ನಿ ಎಂಬ ವಿಷಯ ವೈದ್ಯರಿಗೆ ಆಕೆಯ ಬಾಯಿಂದ ಬರಬೇಕೇ ಹೊರತು ದಾಖಲೆಯಿಂದಲ್ಲ. ಕಸಿ ಸಂಶೋಧನೆ ಪಡೆದವರ ಬದುಕಿನ ವರ್ಷಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಕೊಟ್ಟವರದನ್ನು ಎಣಿಸದಿರುವುದಕ್ಕೆ ಸಂಕೇತದ ಈ ಬಡತನವೂ ಒಂದು ಕಾರಣ.

ಮೂಲ ಕಾಯಿಲೆಯ ವಿಷಯದಲ್ಲೂ ಇದೇ ಮಬ್ಬು. 2012ರಲ್ಲಿ ಪ್ರಕಟವಾದ ಭಾರತೀಯ ಮೂತ್ರಪಿಂಡ ಕಾಯಿಲೆ ನೋಂದಣಿಯ ವರದಿ 52,273 ರೋಗಿಗಳನ್ನು ಒಳಗೊಂಡಿತ್ತು. ಅವರಲ್ಲಿ ಶೇ. 31ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಕಾರಣ, ಶೇ. 16ರಷ್ಟು ಜನರಲ್ಲಿ ಕಾರಣವೇ ತಿಳಿದಿರಲಿಲ್ಲ. ಅರ್ಧದಷ್ಟು ಮಂದಿ ಮೊದಲ ಬಾರಿ ಬಂದಾಗಲೇ ಐದನೆಯ ಹಂತ ತಲುಪಿದ್ದರು. ಕಸಿಯಾದ ಮೇಲೆ ಬರೀ ಝಡ್94.0 ಬರೆದು ಇ11.2 ಬಿಟ್ಟರೆ ಹೊಸ ಕಿಡ್ನಿಯನ್ನೂ ತಿನ್ನಬಲ್ಲ ಆ ಸಕ್ಕರೆ ಕಾಯಿಲೆ ಮರೆಯಾಗುತ್ತದೆ. ಸಾವಿನ ಲೆಕ್ಕದಲ್ಲಂತೂ ಕೇಳುವುದೇ ಬೇಡ: 2020ರ ರಾಷ್ಟ್ರೀಯ ವರದಿಯಂತೆ ನೋಂದಣಿಯಾದ ಸಾವುಗಳಲ್ಲಿ ಕಾರಣಕ್ಕೆ ವೈದ್ಯರ ಪ್ರಮಾಣೀಕರಣ ಇದ್ದದ್ದು ಶೇ. 22.5ರಷ್ಟಕ್ಕೆ ಮಾತ್ರ.

2022ರ ಜನವರಿಯಿಂದ ಜಗತ್ತಿನಲ್ಲಿ ಐಸಿಡಿ-11 ಜಾರಿಯಲ್ಲಿದೆ. ಅದೇ ವರ್ಷ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಆಯುಷ್ಮಾನ್ ಪ್ಯಾಕೇಜುಗಳಿಗೂ ಅದನ್ನು ತರುವುದಾಗಿ ಪ್ರಕಟಿಸಿತು. ಹೊಸ ವರ್ಗೀಕರಣದಲ್ಲಿ ಒಂದು ಸಂಕೇತಕ್ಕೆ ಇನ್ನೊಂದನ್ನು ಹೆಣೆಯಬಹುದು, ಟಿ86.1ರಂಥ ಚೀಲಗಳನ್ನು ಬಿಡಿಸುವುದು ಸುಲಭವಾದೀತು. ಬರೆಯದ ಚೀಟಿಗೆ ಮಾತ್ರ ಹನ್ನೊಂದನೆಯ ಪರಿಷ್ಕರಣೆಯೂ ಒಂದೇ, ಹತ್ತನೆಯದೂ ಒಂದೇ.

ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಕೇತದ ನಿಖರತೆಯನ್ನು ಪರೀಕ್ಷಿಸಲು ಹೊರಡುವವರು ಆಸ್ಪತ್ರೆಯ ಸಂಕೇತ ಸೂಚಿಯಿಂದ ಶುರುಮಾಡಬಾರದು. ಅಲ್ಲಿ ಸಿಗುವುದು ಬರೆದವರು ಮಾತ್ರ, ಬಿಟ್ಟುಹೋದವರು ಎಂದೂ ಸಿಗುವುದಿಲ್ಲ. ಟ್ಯಾಕ್ರೊಲಿಮಸ್ ಪಡೆಯುವವರ ಔಷಧ ವಿತರಣೆಯ ಪುಸ್ತಕ, ಯೋಜನೆಯ ಕಸಿ ಪ್ಯಾಕೇಜಿನ ಮಂಜೂರಾತಿಗಳು, ಕಸಿ ಕೇಂದ್ರಗಳ ಪಟ್ಟಿ ಇವು ಮೂರರಿಂದ ಹೆಸರು ಕೂಡಿಸಿಕೊಂಡು, ಆಮೇಲೆ ಅದೇ ಜನರ ತಾಲ್ಲೂಕು ಚೀಟಿಗಳಿಗೆ ಮರಳಿ ಝಡ್94.0 ಎಷ್ಟರಲ್ಲಿದೆ ಎಂದು ನೋಡಬೇಕು. ಫಲಿತಾಂಶವನ್ನು ಅಚ್ಚುಹಾಕುವಾಗ ತಾಲ್ಲೂಕಿನ ಕೆಳಗೆ ಇಳಿಯಬಾರದು. ಒಂದು ಹೋಬಳಿಯಲ್ಲಿ ಕಿಡ್ನಿ ಹಾಕಿಸಿಕೊಂಡವರು ಬೆರಳೆಣಿಕೆಯಷ್ಟಿದ್ದರೆ, ಊರಿನ ಹೆಸರು, ವಯಸ್ಸು, ಲಿಂಗ ಈ ಮೂರು ಅಂಕಣ ಸಾಕು, ಹೆಸರು ಮುಚ್ಚಿಟ್ಟರೂ ಸಂತೆಯಲ್ಲಿ ಯಾರೆಂದು ಹೇಳಿಬಿಡುತ್ತಾರೆ. ದಾನಿಯ ವಿವರ ಸೇರಿದರೆ ಮನೆಯೇ ಗೊತ್ತಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಹಾಗಿರಲಿ, ಮದುವೆಗೆ ಬಂದ ಮಗಳಿರುವ ಮನೆಗಳಲ್ಲಿ ಈ ಸುದ್ದಿಯ ಬೆಲೆ ಬೇರೆ. ಎಷ್ಟೋ ರೋಗಿಗಳು ಊರಿನ ಆಸ್ಪತ್ರೆಯಲ್ಲಿ ಕಸಿಯ ವಿಷಯ ತಾವಾಗಿ ಹೇಳದಿರಲು ಇದೂ ಕಾರಣವಾಗಬಹುದು. ಹಾಗಾಗಿ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ‘ಸಂಕೇತ ಬರೆದಿದೆಯೇ’ ಎಂಬುದರ ಜೊತೆಗೆ ‘ವೈದ್ಯರಿಗೆ ತಿಳಿಸಿದ್ದಿರಾ, ಚೀಟಿಯಲ್ಲಿ ಬರೆಯುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ’ ಎಂಬುದೂ ಇರಬೇಕು, ಕೇಳುವವರು ಆ ಊರಿನವರಾಗಿರಬಾರದು.